ಬಾಗಿಲಿಗೆ ಇಟ್ಟ ಮುರಕಲ್ಲು: ಸರ್ಕಾರಿ ಕಚೇರಿಯ ಭದ್ರತೆ ಎಲ್ಲಿ ಸೋರುತ್ತದೆ ಎಂದು ಹುಡುಕುವುದು ಹೇಗೆ

ಮಂಗಳೂರು, ಉಡುಪಿ ಕಡೆಯ ಸರ್ಕಾರಿ ಕಚೇರಿಗಳಲ್ಲಿ ಕ್ಯಾಮೆರಾ, ಕಾರ್ಡ್ ತೋರಿಸಿ ತೆರೆಯುವ ಬಾಗಿಲು, ಬೆರಳಚ್ಚು ಯಂತ್ರ, ನೆಟ್‌ವರ್ಕ್ ಇವುಗಳ ರಿಪೇರಿ ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ಕಂಪ್ಯೂಟರ್ ನಿಮಗೆ ಗೊತ್ತಲ್ವಾ, ನೀವೇ ನೋಡಿಕೊಳ್ಳಿ" ಎಂದು ಇಡೀ ಕಟ್ಟಡದ ಜವಾಬ್ದಾರಿಯನ್ನು ತಲೆಗೆ ಕಟ್ಟಿಸಿಕೊಂಡ ಎಸ್‌ಡಿಎಗಳಿಗೂ (ದ್ವಿತೀಯ ದರ್ಜೆ ಸಹಾಯಕರಿಗೂ) ಉಪಯೋಗಕ್ಕೆ ಬರಬಹುದು.

ದೂರು ಬರುವಾಗಲೇ ಪರಿಹಾರವೂ ಅದರ ಜೊತೆ ಬಂದಿರುತ್ತದೆ. "ಕಾರ್ಡ್ ರೀಡರ್ ಹಾಳಾಗಿದೆ, ಬದಲಿಸಿ." ನಾವು ಬದಲಿಸುತ್ತೇವೆ, ಬಿಲ್ ಆಗುತ್ತದೆ. ಹದಿನೈದು ದಿನ ಕಳೆದರೆ ಮತ್ತೆ ಅದೇ ದೂರು. ಹಾಗಾಗಿ ಮೊದಲ ಅರ್ಧ ಗಂಟೆ ಟೂಲ್‌ಕಿಟ್ ತೆರೆಯಬೇಡಿ. ಅರ್ಜಿ ಹಿಡಿದು ಕಾಯುವವರ ಜೊತೆ ವರಾಂಡದ ಬೆಂಚಿನಲ್ಲಿ ಸುಮ್ನೆ ಕುಳಿತುಕೊಳ್ಳಿ. ಈ ಕಚೇರಿಯಲ್ಲಿ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನೋಡಿ. ಕೆಲಸ ಸಿಕ್ಕಿಕೊಂಡ ಕಡೆ ಯಾರೋ ಒಬ್ಬರು ಅಡ್ಡದಾರಿ ಮಾಡಿಕೊಂಡಿರುತ್ತಾರೆ. ಸೋರುವುದು ಆ ದಾರಿಯಿಂದಲೇ.

ದೂರು: "ಬಾಗಿಲು ತನ್ನಷ್ಟಕ್ಕೆ ತೆರೆದಿರುತ್ತದೆ"

ಒಂದು ಜುಲೈ ತಿಂಗಳು. ಮಂಗಳೂರಿನ ಒಂದು ಕಚೇರಿ, ಹೆಸರು ಬೇಡ. ಹಂಚಿನ ಮಾಡು, ಹಳೆಯ ಮರದ ಬಾಗಿಲು, ಅದರ ನೆತ್ತಿಯಲ್ಲಿ ಇಎಂ ಲಾಕ್, ಅಂದರೆ ಕರೆಂಟಿನ ಅಯಸ್ಕಾಂತದಲ್ಲಿ ಹಿಡಿದುಕೊಳ್ಳುವ ಬೀಗ. ಒಳಗಿರುವುದು ರೆಕಾರ್ಡ್ ರೂಮು. ಆ ತಿಂಗಳಲ್ಲಿ ಮೂರು ಸಲ ಬೆಳಿಗ್ಗೆ ಬಂದವರಿಗೆ ಬಾಗಿಲು ಅರ್ಧ ತೆರೆದದ್ದು ಕಂಡಿತ್ತು. ಅದೇ ಹೊತ್ತಿಗೆ ಒಳಗಿನ ಕಡತವೊಂದರ ನಕಲು ಬ್ರೋಕರ್ ಒಬ್ಬರ ಮೊಬೈಲಿನಲ್ಲಿ ಕಾಣಿಸಿತ್ತು. ಎರಡನ್ನೂ ಸೇರಿಸಿ ಕಚೇರಿಯವರು ಒಂದೇ ಕಥೆ ಮಾಡಿದ್ದರು.

ಅನುಮಾನ ರಾತ್ರಿ ಪಾಳಿಯ ಹೋಮ್‌ಗಾರ್ಡ್ ಮೇಲೆ. ಬಾಗಿಲು ತೆರೆದದ್ದನ್ನು ಬರೆದಿಡುವ ಕಂಟ್ರೋಲರ್ ಪೆಟ್ಟಿಗೆಯ ದಾಖಲೆಯಲ್ಲಿ ಮೂರು ದಿನದ ಸಮಯ 21:05, 22:40, 20:50 ಎಂದಿತ್ತು. ಆ ಹೊತ್ತಿಗೆ ಕಟ್ಟಡದಲ್ಲಿ ಇರುವವರು ಅವರೊಬ್ಬರೇ. "ನಾನು ಆ ಕಡೆ ಹೋಗಲೇ ಇಲ್ಲ ಮಾರಾಯ್ರೆ, ಊಟ ಮಾಡ್ತಾ ಇದ್ದೆ" ಎಂದು ಅವರು ಹೇಳಿದರೆ ಕೇಳುವವರು ಯಾರು? ತಮಾಷೆ ಎಂದರೆ, ಆ ಸಮಯದ ಕ್ಯಾಮೆರಾ ದೃಶ್ಯದಲ್ಲಿ ಬಾಗಿಲು ಮುಚ್ಚಿಯೇ ಇತ್ತು. ಅದಕ್ಕೆ "ಕ್ಯಾಮೆರಾ ಸರಿಯಾಗಿ ರೆಕಾರ್ಡ್ ಮಾಡುತ್ತಿಲ್ಲ" ಎಂದು ಇನ್ನೊಂದು ದೂರು ಬರೆದಿದ್ದರು. ಎರಡು ಯಂತ್ರ ಎರಡು ಮಾತು ಹೇಳಿದಾಗ ತಮಗೆ ಬೇಕಾದ ಯಂತ್ರವನ್ನು ನಂಬಿದ್ದರು.

ನನಗಿಂತ ಮೊದಲು ಬಂದವರು ರೀಡರ್ ಬದಲಿಸಿದ್ದರು. ಆಮೇಲೆ ಲಾಕನ್ನೂ ಬದಲಿಸಿದ್ದರು.

ಬೆಂಚಿನಲ್ಲಿ ಕುಳಿತೆ. ಇಪ್ಪತ್ತು ನಿಮಿಷದ ಮೇಲೆ ಡಿ ಗ್ರೂಪಿನ ಅಕ್ಕ ಒಬ್ಬರು ಎರಡೂ ಕೈ ತುಂಬ ಕಡತ ಹಿಡಿದು ಬಂದರು. ಸೊಂಟದಲ್ಲಿ ಬಾಗಿಲು ತಳ್ಳಿದರು. ಬಾಗಿಲು ದಾರಂದಕ್ಕೆ ಕಚ್ಚಿಕೊಂಡಿತ್ತು. ಇನ್ನೊಮ್ಮೆ ಜೋರಾಗಿ ತಳ್ಳಿ ಒಳಗೆ ಹೋದರು. ಮೂಲೆಯಲ್ಲಿದ್ದ ಮುರಕಲ್ಲಿನ (ನಮ್ಮ ಕಡೆಯ ಕೆಂಪುಕಲ್ಲಿನ) ತುಂಡನ್ನು ಕಾಲಿನಲ್ಲೇ ಸರಿಸಿ ಬಾಗಿಲಿಗೆ ಅಡ್ಡ ಇಟ್ಟರು.

"ಈ ಕಲ್ಲು ಯಾವಾಗಿನಿಂದ ಉಂಟು ಅಕ್ಕ?"

"ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಇದು ಮುಚ್ಚುವುದೇ ಇಲ್ಲ. ಫೈಲು ಹಿಡ್ಕೊಂಡು ಎಷ್ಟು ಸಲ ಅಂತ ಕಾರ್ಡ್ ತೋರಿಸುವುದು? ಒಳಗಿಂದ ಬರುವಾಗ ಸ್ವಿಚ್ಚಿಗೆ ಕೈಯೇ ಎಟಕುವುದಿಲ್ಲ."

ಹೋಗಿ ನೋಡಿದೆ. ಹೊರಗೆ ಬರಲು ಒತ್ತುವ ಸ್ವಿಚ್ಚಿನ ಮುಂದೆ ಹೊಸ ಕಬ್ಬಿಣದ ಕಪಾಟು ನಿಂತಿತ್ತು. ಅಕ್ಕನದ್ದು ಏನೂ ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕಲ್ಲನ್ನೇ ಇಡುತ್ತಿದ್ದೆ.

ಇನ್ನು ಬಾಗಿಲಿನ ವಿಷಯ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮರ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ಬಾಗಿಲು ಪೂರ್ತಿ ಕೂರುವುದಿಲ್ಲ. ಇಎಂ ಲಾಕಿಗೆ ಅದು ಆಗುವುದಿಲ್ಲ. ಸಾಮಾನ್ಯವಾಗಿ ಹಾಕುವ ಲಾಕಿನ ಹಿಡಿತ 600 ಪೌಂಡ್, ಅಂದರೆ ಸುಮಾರು 270 ಕಿಲೋ. ಪೆಟ್ಟಿಗೆಯ ಮೇಲೆ ಬರೆದ ಈ ಲೆಕ್ಕ, ಬಾಗಿಲಿನ ಮೇಲಿರುವ ಕಬ್ಬಿಣದ ಪ್ಲೇಟು ಅಯಸ್ಕಾಂತಕ್ಕೆ ಪೂರ್ತಿ ಅಂಟಿದಾಗ ಮಾತ್ರ ನಿಜ. ಕೂದಲೆಳೆಯಷ್ಟು ಸಂದು ಬಂದರೂ ಹಿಡಿತ ಬೇಗ ಇಳಿಯುತ್ತದೆ. ದೊಡ್ಡ ಉಪಕರಣವೇನೂ ಬೇಡ. ಕಾಗದದ ಪಟ್ಟಿಯೊಂದನ್ನು ನಾಲ್ಕೂ ಮೂಲೆಯಲ್ಲಿ ನಡುವೆ ಇಟ್ಟು ಬಾಗಿಲು ಮುಚ್ಚಿ, ಎಳೆದು ನೋಡಿ. ಎಲ್ಲ ಕಡೆ ಗಟ್ಟಿಯಾಗಿ ಹಿಡಿದರೆ ಸರಿ. ಒಂದು ಮೂಲೆಯಲ್ಲಿ ಸಲೀಸಾಗಿ ಹೊರಗೆ ಬಂದರೆ ಪ್ಲೇಟು ವಾಲಿದೆ ಎಂದರ್ಥ. ಪ್ಲೇಟಿನ ಹಿಂದೆ ರಬ್ಬರ್ ವಾಷರ್ ಇರುತ್ತದೆ, ಪ್ಲೇಟು ಸ್ವಲ್ಪ ಆಡಲಿ ಎಂದೇ ಅದನ್ನು ಕೊಟ್ಟಿದ್ದಾರೆ. ನಮ್ಮ ಹುಡುಗರು "ಗಟ್ಟಿ ಇರಲಿ" ಎಂದು ಬೋಲ್ಟನ್ನು ಉಸಿರುಗಟ್ಟುವಷ್ಟು ಬಿಗಿ ಮಾಡುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಿತು. ಉಪ್ಪುಗಾಳಿಗೆ ಪ್ಲೇಟಿನ ಮೇಲೆ ತುಕ್ಕಿನ ಪದರ ಕೂತಿದ್ದರೆ ಅದೂ ಒಂದು ಸಂದೇ.

ಆದರೆ ಸಂದಿನಿಂದ ಮಾತ್ರ ಬಾಗಿಲು ರಾತ್ರಿ ತೆರೆಯಲಿಕ್ಕಿಲ್ಲ. ತಳ್ಳಲು ಯಾರಾದರೂ ಬೇಕು, ಇಲ್ಲವೇ ಕರೆಂಟು ಹೋಗಬೇಕು. ಇಎಂ ಲಾಕ್ ಕರೆಂಟು ಹೋದರೆ ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಒಳಗಿದ್ದವರು ಸಿಕ್ಕಿಹಾಕಿಕೊಳ್ಳಬಾರದು ಎಂದು ಹಾಗೆ ಮಾಡಿರುವುದು. ಅದನ್ನು "ಸರಿಪಡಿಸಲು" ಹೋಗಿ ಜೀವ ತೆಗೆಯಬೇಡಿ. ನೋಡಬೇಕಾದದ್ದು ಬ್ಯಾಟರಿ. 12 ವೋಲ್ಟ್ 7 ಎಎಚ್ (ಆಂಪ್-ಗಂಟೆ) ಬ್ಯಾಟರಿ, ಅರ್ಧ ಆಂಪ್ ಎಳೆಯುವ ಲಾಕ್: ಲೆಕ್ಕಕ್ಕೆ 14 ಗಂಟೆ ಬರಬೇಕು. ಅಷ್ಟು ಎಂದೂ ಬರುವುದಿಲ್ಲ, ಹೊಸದಾದರೂ ಕಡಿಮೆಯೇ. ಕರೆಂಟು ಇರುವಾಗ ಮೀಟರ್ ಹಿಡಿದರೆ ಸತ್ತ ಬ್ಯಾಟರಿಯೂ 13 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ನೀವು ಅಳೆಯುತ್ತಿರುವುದು ಚಾರ್ಜರನ್ನು. ಎಂಸಿಬಿ (ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿ, ಲಾಕ್ ಹಿಡಿದಿರುವಾಗಲೇ ಅರ್ಧ ಗಂಟೆ ಕಾದು ಅಳೆಯಿರಿ. ಇಲ್ಲಿ ಅರ್ಧ ಗಂಟೆ ಬೇಕಾಗಲಿಲ್ಲ. ನಾಲ್ಕನೇ ನಿಮಿಷಕ್ಕೆ ಟಕ್ ಎಂದು ಬಾಗಿಲು ಬಿಟ್ಟುಕೊಂಡಿತು. ಉಬ್ಬಿ ಬಿಗಿದುಕೊಂಡಿದ್ದ ಮರ ಸ್ಪ್ರಿಂಗಿನ ಹಾಗೆ ತಾನೇ ಒಂದು ಗೇಣು ಹಿಂದೆ ಬಂತು.

ಹಾಗಾದರೆ ರಾತ್ರಿ ಒಂಬತ್ತರ ಆ ದಾಖಲೆ? ನನ್ನ ಮೊಬೈಲಿನಲ್ಲಿ ಆಗ 11:40. ಕಂಟ್ರೋಲರ್ ಪರದೆಯಲ್ಲಿ 6:10. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ. ಮೇ ತಿಂಗಳಲ್ಲಿ ಹೊಸ ಕಂಟ್ರೋಲರ್ ಕೂರಿಸಿದವರು ಗ್ರೀನಿಚ್ ಸಮಯವನ್ನು ಭಾರತದ ಸಮಯಕ್ಕೆ ಬದಲಿಸದೆ ಹೋಗಿದ್ದರು. 21:05 ಎಂದರೆ ನಮ್ಮ ಬೆಳಗಿನ ಜಾವ 2:35. ಉಳಿದ ಎರಡು 4:10 ಮತ್ತು 2:20. ಸರ್ವರ್ ರೂಮಿನ ಯುಪಿಎಸ್ ದಾಖಲೆ ತೆಗೆದು ನೋಡಿದೆ. ಮೂರೂ ದಿನ ಅದಕ್ಕಿಂತ ಕೆಲವೇ ನಿಮಿಷ ಮೊದಲು ಕರೆಂಟು ಹೋಗಿತ್ತು. ಕ್ಯಾಮೆರಾ ದೃಶ್ಯ ಉಳಿಸುವ ಡಿವಿಆರ್‌ಗೆ ಯುಪಿಎಸ್ ಲೈನೇ ಕೊಟ್ಟಿರಲಿಲ್ಲ, ಅದೂ ಆಗ ಮಲಗಿತ್ತು. ಒಂಬತ್ತು ಗಂಟೆಗೆ ಬಾಗಿಲು ಮುಚ್ಚಿದೆ ಎಂದು ಕ್ಯಾಮೆರಾ ಹೇಳಿದ್ದು ಪೂರ್ತಿ ಸತ್ಯ.

ಹೋಮ್‌ಗಾರ್ಡ್ ಅಣ್ಣನಿಗೆ ಅಷ್ಟರಲ್ಲಿ ಬೇರೆ ಕಡೆ ಡ್ಯೂಟಿ ಹಾಕಿ ಆಗಿತ್ತು. ಈ ಸಮಯದ ಲೆಕ್ಕವನ್ನು ಬರಹದಲ್ಲಿ ಕೊಟ್ಟು, ಮೇಲಿನವರ ಸಹಿ ಹಾಕಿಸಿ ಬಂದೆ. ಯಾವ ದೋಷ ಹುಡುಕಲು ಹೋದರೂ ಮೊದಲು ಎಲ್ಲ ಯಂತ್ರಗಳ ಗಡಿಯಾರ ನೋಡಿ, ಸರಿಯಾದ ಸಮಯದ ಪಕ್ಕದಲ್ಲಿ ಬರೆದಿಡಿ. ತಿದ್ದುವುದು ಆಮೇಲೆ. ಮೊದಲೇ ತಿದ್ದಿದರೆ ಹಳೆಯ ದಾಖಲೆ ಎಷ್ಟು ತಪ್ಪಿತ್ತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳೂ ತಮ್ಮ ಗಡಿಯಾರಗಳನ್ನು ಎನ್‌ಐಸಿ (ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಸಂಸ್ಥೆ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ಲಾಗ್‌ಗಳನ್ನು, ಅಂದರೆ ಯಂತ್ರಗಳ ದಾಖಲೆಯನ್ನು, 180 ದಿನ ಇಡಬೇಕು. ಕಾಗದದಲ್ಲಿ ಇದು ಎಲ್ಲರಿಗೂ ಗೊತ್ತು.

ದೂರು: "ಕ್ಯಾಮೆರಾ ಇದೆ, ಆ ದಿನದ ದೃಶ್ಯ ಇಲ್ಲ"

ಇದಕ್ಕೆ ಹೆಚ್ಚಿನ ಸಲ ಡಿಸ್ಕ್ ಹಾಳಾಗಿರುವುದಿಲ್ಲ. ಲೆಕ್ಕವೇ ತಪ್ಪಿರುತ್ತದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ. ಎಂಟು ಕ್ಯಾಮೆರಾಗೆ ಹತ್ತಿರ ಹತ್ತಿರ 173 ಜಿಬಿ. 2 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಕಡತ ಕಾಣೆಯಾದ ಸುದ್ದಿ ಟಪಾಲು ದಾಟಿ, ಟಿಪ್ಪಣಿಯಾಗಿ, ಸಾಹೇಬ್ರ ಟೇಬಲಿಗೆ ಬರುವಾಗ ಹದಿನೈದು ದಿನ ಕಳೆದಿರುತ್ತದೆ. ಯಾರೂ ಅಳಿಸಿಲ್ಲ. ಕಚೇರಿಯ ಟಪಾಲಿನ ವೇಗಕ್ಕೆ ತಕ್ಕ ಡಿಸ್ಕ್ ಹಾಕಿಸಿ, ಅಷ್ಟೇ.

ದಿನಾಂಕ 2000ನೇ ಇಸವಿಗೋ 1970ಕ್ಕೋ ಹೋಗಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಗುಂಡಿ ಬ್ಯಾಟರಿ ಮುಗಿದಿದೆ. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ. ಹೊರಗಿನ ಕ್ಯಾಮೆರಾ ಮಳೆಗಾಲದಲ್ಲಿ ಮಾತ್ರ ಕೈ ಕೊಟ್ಟರೆ ಕನೆಕ್ಟರ್ ಬಿಚ್ಚಿ ನೋಡಿ. ಹಸಿರು ಕಿಲುಬು ಹಿಡಿದಿರುತ್ತದೆ. ವೈರು ಪೆಟ್ಟಿಗೆಯ ಒಳಗೆ ಮೇಲಿನಿಂದ ಇಳಿದಿದ್ದರೆ ನೀರೂ ಅದೇ ದಾರಿಯಲ್ಲಿ ಇಳಿಯುತ್ತದೆ. ವೈರನ್ನು ಕೆಳಗೆ ಬಾಗಿಸಿ, ಕೆಳಗಿನಿಂದ ಒಳಗೆ ತೆಗೆದುಕೊಳ್ಳಿ. ರಾತ್ರಿ ಮಾತ್ರ ಬಿಳಿ ಮಂಜಿನಂತೆ ಕಂಡರೆ ಜೇಡ. ಇನ್‌ಫ್ರಾರೆಡ್ ಬೆಳಕು ಬಲೆಗೆ ತಾಗಿ ವಾಪಸ್ ಬರುತ್ತದೆ. ಪೊರಕೆ ಸಾಕು, ಬಿಲ್ ಮಾಡಬೇಡಿ.

ಪೊಲೀಸರಿಗೆ ಕೊಡಬೇಕಾದ ದೃಶ್ಯವಾದರೆ ಪೆನ್‌ಡ್ರೈವಿಗೆ ಹಾಕಿ ಕೈ ತೊಳೆದುಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಆ ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲು ಬದಲಾದರೆ ತಾನೂ ಬದಲಾಗುವ ಗುರುತು) ಬರೆಯಬೇಕು. ಡಿವಿಆರ್ ಗಡಿಯಾರ ಎಷ್ಟು ನಿಮಿಷ ತಪ್ಪಿತ್ತು ಎಂಬ ಟಿಪ್ಪಣಿಯನ್ನೂ ಜೊತೆಗೆ ಇಡಿ.

ಬಾಗಿಲು ಸರಿಯಾಯಿತು, ಆದರೆ ಆ ನಕಲು?

ಇಲ್ಲಿ ನಾನೇ ಎಡವುತ್ತಿದ್ದೆ. ಬಾಗಿಲಿನ ಕಾರಣ ಸಿಕ್ಕಿದ ಖುಷಿಯಲ್ಲಿ ಹೊರಡಲು ಎದ್ದಿದ್ದೆ. ಆಗ ಕೇಸ್ ವರ್ಕರ್ ಮೇಡಂ ಕೇಳಿದರು: "ಬ್ರೋಕರ್ ಹತ್ರ ಇದ್ದ ಫೋಟೋದಲ್ಲಿ ನನ್ನ ಟಿಪ್ಪಣಿಯೂ ಇತ್ತಲ್ಲ ಸರ್? ಆ ಟಿಪ್ಪಣಿ ನಾನು ಬರೆಯುವಾಗ ಕಡತ ರೆಕಾರ್ಡ್ ರೂಮಿನಲ್ಲೇ ಇರಲಿಲ್ಲ." ಸರಿ ಅಲ್ವಾ? ಬಾಗಿಲು ತೆರೆದದ್ದಕ್ಕೂ ಕಡತ ಸೋರಿದ್ದಕ್ಕೂ ಸಂಬಂಧವೇ ಇರಲಿಲ್ಲ. ಒಂದೇ ತಿಂಗಳಲ್ಲಿ ಆದ ಎರಡು ಬೇರೆ ದೋಷ.

ಮತ್ತೆ ಬೆಂಚಿಗೆ ಹೋದೆ. ಈ ಸಲ ಕಾಗದದ ಹಿಂದೆ ನಡೆದೆ. ಮೇಡಂ ಟೇಬಲಿನ ಪ್ರಿಂಟರಿಗೆ ಟೋನರ್ ಮುಗಿದು ಎರಡು ತಿಂಗಳಾಗಿತ್ತು. ಇಂಡೆಂಟ್ ಹಾಕಿದ್ದಾರೆ, ಬಂದಿಲ್ಲ. ಹಾಗಾಗಿ ಪುಟಗಳ ಫೋಟೋ ತೆಗೆದು ಎದುರಿನ ಜೆರಾಕ್ಸ್ ಅಂಗಡಿಯ ವಾಟ್ಸಾಪ್ ನಂಬರಿಗೆ ಕಳುಹಿಸುತ್ತಾರೆ. ಅಂಗಡಿಯ ಹುಡುಗ ಪ್ರಿಂಟ್ ತೆಗೆದು ಇಡುತ್ತಾನೆ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ಬೆಳಿಗ್ಗೆಯಿಂದ ರಾತ್ರಿಯವರೆಗೆ ತೆರೆದೇ ಇರುತ್ತದೆ, ಪರದೆ ಗಿರಾಕಿಗಳ ಕಡೆಗೇ ತಿರುಗಿದೆ. ಡೌನ್‌ಲೋಡ್ ಫೋಲ್ಡರಿನಲ್ಲಿ ಎಷ್ಟೋ ಊರಿನ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ. ಕದಿಯಲು ಯಾರೂ ಬೇಕಿಲ್ಲ, ಪಕ್ಕದಲ್ಲಿ ನಿಂತು ಕಣ್ಣು ಹಾಯಿಸಿದರೆ ಸಾಕು. ಇದಕ್ಕೆ ಫೈರ್‌ವಾಲ್ ಏನು ಮಾಡೀತು? ನಾನು ಬರೆದ ವರದಿಯ ಮೊದಲ ಸಾಲು "ಟೋನರ್ ಕೊಡಿಸಿ" ಎಂದಿತ್ತು. ಸಾಹೇಬ್ರು ಓದಿ ನಕ್ಕರು. ಆದರೆ ಟೋನರ್ ಬಂತು.

ಕಾಗದ ಹೊರಗೆ ಹೋಗುವ ಇನ್ನೊಂದು ದಾರಿ ಗುಜರಿ. ಒಂದು ಬದಿ ಖಾಲಿ ಇರುವ ಹಳೆಯ ಅರ್ಜಿಗಳನ್ನು ರಾಶಿ ಹಾಕಿ ಮಾರಿದರೆ ಅವು ಗೋಳಿಬಜೆ, ಚರುಮುರಿಯ ಪೊಟ್ಟಣವಾಗಿ ವಾಪಸ್ ಬರುತ್ತವೆ. ನನ್ನ ಕೈಗೇ ಒಮ್ಮೆ ಯಾರದ್ದೋ ಪಾಸ್‌ಬುಕ್ ಪ್ರತಿಯಲ್ಲಿ ಬಜೆ ಬಂದಿತ್ತು, ಎಣ್ಣೆಯಲ್ಲಿ ಖಾತೆ ನಂಬರು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಹಳೆಯ ಕಂಪ್ಯೂಟರ್ ಗುಜರಿಗೆ ಹೋಗುವ ಮೊದಲು ಡಿಸ್ಕ್ ತೆಗೆಯಿರಿ. ದೊಡ್ಡ ಜೆರಾಕ್ಸ್ ಯಂತ್ರಗಳ ಒಳಗೂ ಡಿಸ್ಕ್ ಇರಬಹುದು, ಬಾಡಿಗೆ ಮುಗಿದು ವಾಪಸ್ ಕೊಡುವಾಗ ಅದನ್ನು ಅಳಿಸಿಕೊಡಲು ಕೇಳಿ. ಫಾರ್ಮ್ಯಾಟ್ ಮಾಡಿದೆ ಎಂದರೆ ಸಾಲದು, ಪೂರ್ತಿ ಡಿಸ್ಕಿನ ಮೇಲೆ ಬೇರೆ ಡೇಟಾ ಬರೆಯಬೇಕು. ಅಥವಾ ಡ್ರಿಲ್ ಹಾಕಿ ತೂತು ಮಾಡಿ, ಅದು ಜಾಸ್ತಿ ನಂಬಿಕೆಯ ವಿಧಾನ.

ಇಂಥ ಕಾಗದ ಎಲ್ಲಿಗೆ ಮುಟ್ಟುತ್ತದೆ ಎಂದು ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಹೋಯಿತು. ಒಟಿಪಿ ಇಲ್ಲ, ಫೋನ್ ಕರೆ ಇಲ್ಲ. ನೋಂದಣಿ ಪತ್ರದಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಒಟ್ಟಿಗೇ ಇದ್ದವು, ವಂಚಕರಿಗೆ ಬೇರೇನೂ ಬೇಕಾಗಲಿಲ್ಲ. ಪೊಲೀಸರು ಆರೋಪಿಗಳನ್ನು ಹುಡುಕಿ ಬಿಹಾರದವರೆಗೆ ಹೋಗಬೇಕಾಯಿತು. ಹಾಗಾಗಿ ಕಚೇರಿಯಲ್ಲಿ ಆಧಾರ್ ಪ್ರತಿ ಬೇಕಿದ್ದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಸಾಕು ಎಂದು ಕೌಂಟರಿನಲ್ಲೇ ಬೋರ್ಡ್ ಹಾಕಿ. ನಿಮ್ಮ ಸ್ವಂತ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಆಧಾರ್‌ನ ಅಧಿಕೃತ ಆಪ್‌ನಲ್ಲಿ ಎರಡು ನಿಮಿಷದ ಕೆಲಸ.

ದೂರು ಬಾರದ ದೋಷ: "ಸಾಹೇಬ್ರು ಬೆಂಗಳೂರಲ್ಲಿ, ಸಹಿ ಇಲ್ಲಿ"

ಇದಕ್ಕೆ ಯಾರೂ ಫೋನ್ ಮಾಡುವುದಿಲ್ಲ, ಯಾಕೆಂದರೆ ಎಲ್ಲರ ಕೆಲಸವೂ ಸಲೀಸಾಗಿ ನಡೆಯುತ್ತಿರುತ್ತದೆ. ಅಧಿಕಾರಿಯ ಡಿಜಿಟಲ್ ಸಹಿಯ ಡಾಂಗಲ್ (ಪೆನ್‌ಡ್ರೈವಿನಂಥ ಕಡ್ಡಿ) ಆಪರೇಟರ್ ಡ್ರಾಯರಿನಲ್ಲಿ, ಪಿನ್ ಮಾನಿಟರಿನ ಕೆಳಗೆ ಅಂಟಿಸಿದ ಹಳದಿ ಚೀಟಿಯಲ್ಲಿ. ಪತ್ತೆ ಮಾಡುವುದು ಸುಲಭ. ಒಂದು ತಿಂಗಳ ಸಹಿಗಳ ಸಮಯ ತೆಗೆದು ಅಧಿಕಾರಿಯ ಪ್ರವಾಸದ ದಿನಚರಿಯ ಪಕ್ಕದಲ್ಲಿ ಇಡಿ. ಬೆಂಗಳೂರಿನ ಮೀಟಿಂಗಿನಲ್ಲಿ ಕುಳಿತವರು ಅದೇ ಹೊತ್ತಿಗೆ ಮಂಗಳೂರಿನ ಕಂಪ್ಯೂಟರಿನಲ್ಲಿ ನಲವತ್ತು ಸಹಿ ಹಾಕಿರುತ್ತಾರೆ. ಡಾಂಗಲ್ ಕಿತ್ತುಕೊಂಡರೆ ಮಾತ್ರ ಪರಿಹಾರವಾಗದು. ಸಹಿ ಕಾಯುತ್ತಾ ನಿಂತ ಜನರ ಬೈಗುಳ ತಿನ್ನುವವರು ಆಪರೇಟರ್. ರಜೆ, ಪ್ರವಾಸ ಇರುವಾಗ ಸಹಿಯ ಅಧಿಕಾರ ಯಾರಿಗೆ ಎಂಬ ಲಿಖಿತ ಆದೇಶ ಆಗಬೇಕು, ಆ ಪ್ರಭಾರದವರಿಗೆ ಅವರದ್ದೇ ಡಾಂಗಲ್ ಬೇಕು. ಬೇರೆಯವರ ಡಿಜಿಟಲ್ ಸಹಿ ಅಥವಾ ಪಾಸ್‌ವರ್ಡನ್ನು ಮೋಸಕ್ಕೆ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಈ ಮಾತನ್ನು ಆಪರೇಟರ್‌ಗೆ ಮೆತ್ತಗೆ ಹೇಳಿ, ಸಾಹೇಬ್ರಿಗೆ ಸ್ವಲ್ಪ ಜೋರಾಗಿ ಹೇಳಿ.

ಬೆರಳಚ್ಚು ಯಂತ್ರದ ಕಥೆಯೂ ಇದೇ. ಮಳೆಯಲ್ಲಿ ನೆನೆದ ಬೆರಳನ್ನು ಅದು ಗುರುತಿಸುವುದಿಲ್ಲ, ಬಾಗಿಲ ಬಳಿ ಸಾಲು ನಿಲ್ಲುತ್ತದೆ. ಆಗ ಯಾರೋ ಒಂದು ಪಿನ್ ಹಂಚುತ್ತಾರೆ. ಮಳೆ ನಿಂತರೂ ಪಿನ್ ನಿಲ್ಲುವುದಿಲ್ಲ. ಯಂತ್ರದ ಪಕ್ಕ ಒಂದು ಒಣ ಟವೆಲ್ ನೇತುಹಾಕಿ, ಸಾಧ್ಯವಿದ್ದರೆ ಕಾರ್ಡ್ ಕೊಡಿ. ಬಳಕೆದಾರರ ಪಟ್ಟಿ ತೆಗೆದು ಸಂಬಳದ ಪಟ್ಟಿಯ ಜೊತೆ ಹೋಲಿಸಿ. ನಿವೃತ್ತರಾದವರು, ವರ್ಗವಾದವರು, ಹೊರಗುತ್ತಿಗೆ ಬಿಟ್ಟುಹೋದವರು ಎಲ್ಲರೂ ಅದರಲ್ಲಿ ಇನ್ನೂ ಡ್ಯೂಟಿಯಲ್ಲಿರುತ್ತಾರೆ.

ಇನ್ನು ಗೌರವದಿಂದ ಆಗುವ ದೋಷ. ಇಸ್ತ್ರಿ ಅಂಗಿ, ಕೈಯಲ್ಲೊಂದು ಫೈಲು, "ಸಾಹೇಬ್ರು ಬರಲು ಹೇಳಿದ್ದಾರೆ" ಎಂಬ ಮಾತು. ಇಷ್ಟಿದ್ದರೆ ನಮ್ಮಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ. ವಿಧಾನಸೌಧದಲ್ಲೇ 2023ರ ಜುಲೈ 7ರಂದು, ಬಜೆಟ್ ಮಂಡನೆಯ ದಿನ, ಶಾಸಕ ಎಂದು ಹೇಳಿಕೊಂಡು ಒಳಗೆ ಬಂದವರೊಬ್ಬರು ಶಾಸಕಿಯೊಬ್ಬರ ಸೀಟಿನಲ್ಲಿ ಸುಮಾರು 15 ನಿಮಿಷ ಕುಳಿತಿದ್ದರು. ಇನ್ನೊಬ್ಬ ಶಾಸಕರಿಗೆ ಅನುಮಾನ ಬಂದ ಮೇಲೆಯೇ ಗೊತ್ತಾದದ್ದು. ತಾಲೂಕು ಕಚೇರಿಯ ಕಾವಲುಗಾರ ಏನು ಮಾಡಬೇಕು? ಕೇಳಲು ಅವರಿಗೊಂದು ವಾಕ್ಯ ಕೊಡಿ: "ಎಂಟ್ರಿ ಬುಕ್ಕಿನಲ್ಲಿ ಹೆಸರು ಬರೆಯದೆ ಬಿಟ್ಟರೆ ನನಗೆ ಬೈತಾರೆ ಸರ್." ಹೀಗೆ ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಫೈಲುಗಳ ಹೆಸರೇ ಬದಲಾಗಿದ್ದರೆ

ಫೈಲು ತೆರೆಯುತ್ತಿಲ್ಲ, ಹಣ ಕೇಳುವ ಚೀಟಿ ಪರದೆಯಲ್ಲಿ ಇದೆ ಎಂದಾದರೆ, ಅಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದಾಳಿಯಾಗಿದ್ದರೆ, ಬೆಂಚು, ಟವೆಲ್ ಎಲ್ಲ ಬಿಡಿ. ಮೊದಲು ನೆಟ್‌ವರ್ಕ್ ವೈರು ಕಿತ್ತುಹಾಕಿ. ಕಂಪ್ಯೂಟರ್ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಹೋಗುತ್ತದೆ. ಬ್ಯಾಕಪ್ ಡಿಸ್ಕನ್ನು ಅದಕ್ಕೆ ತಪ್ಪಿಯೂ ಜೋಡಿಸಬೇಡಿ. ಪರದೆಯ ಫೋಟೋ ತೆಗೆಯಿರಿ, ಸಮಯ ಬರೆದಿಡಿ. ಎನ್‌ಐಸಿ ಜಿಲ್ಲಾ ಘಟಕಕ್ಕೆ ತಿಳಿಸಿ. ಸರ್ಟ್-ಇನ್‌ಗೆ ಗೊತ್ತಾದ ಆರು ಗಂಟೆಯ ಒಳಗೆ ವರದಿ ಹೋಗಬೇಕು, "ನಾಳೆ ಸಾಹೇಬ್ರು ಬರಲಿ" ಎಂದರೆ ಆಗುವುದಿಲ್ಲ. ಯಾರದ್ದಾದರೂ ಖಾತೆಯಿಂದ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿಸಿ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಇಂಥದ್ದೇ ದಾಳಿಯಾದಾಗ ಎಷ್ಟೋ ದಿನ ಎಲ್ಲವನ್ನೂ ಕೈಯಲ್ಲಿ ಬರೆದು ನಡೆಸಬೇಕಾಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳೂ ನಿಂತಿವೆ, ಆದರೆ ಕೌಂಟರಿನ ಹಿಂದೆ ಇಣುಕಿದರೆ ವಿಂಡೋಸ್ 7 ಕೂಡ ಕಾಣಸಿಗುತ್ತದೆ.

ಹೊರಡುವ ಮೊದಲು, ಮತ್ತು ಮಳೆ ನಿಂತ ಮೇಲೆ

ಆ ರೆಕಾರ್ಡ್ ರೂಮಿಗೆ ಮಾಡಿದ ರಿಪೇರಿ ಇಷ್ಟು: ಬಡಗಿಯನ್ನು ಕರೆಸಿ ಬಾಗಿಲಿನ ಕೆಳ ಅಂಚಿಗೆ ಸ್ವಲ್ಪವೇ ಕೀಸುಳಿ ಹಾಕಿಸಿದೆವು, ಪೂರ್ತಿ ಬೇಡ ಎಂದೆ. ಪ್ಲೇಟಿನ ಬೋಲ್ಟ್ ಸಡಿಲಿಸಿದೆ. ಬ್ಯಾಟರಿ ಬದಲಾಯಿತು, ಡಿವಿಆರ್ ಯುಪಿಎಸ್ ಲೈನಿಗೆ ಬಂತು, ಗಡಿಯಾರ ಸರಿಯಾಯಿತು. ಕಪಾಟು ಎರಡು ಅಡಿ ಪಕ್ಕಕ್ಕೆ ಸರಿಯಿತು. ಕೈ ತುಂಬಿದ್ದರೂ ಮೊಣಕೈಯಲ್ಲಿ ಒತ್ತುವಂತೆ ದೊಡ್ಡ ಸ್ವಿಚ್ಚು ಹಾಕಿದೆ. ಬಾಗಿಲು ಒಂದು ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಕೂಗುವ ಬಜರ್ ಕೂಡ ಇಟ್ಟೆ. ಆಮೇಲೆ ಎಂಸಿಬಿ ಇಳಿಸಿ, ಚಹಾ ಕುಡಿದು ಬಂದು, ಬಾಗಿಲು ಇನ್ನೂ ಹಿಡಿದಿದೆಯಾ ಎಂದು ಎಳೆದು ನೋಡಿದೆ. ಹಿಡಿದಿತ್ತು.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಮರ ಒಣಗಿ ಕುಗ್ಗಿತ್ತು, ಪ್ಲೇಟಿಗೂ ಲಾಕಿಗೂ ನಡುವೆ ಈಗ ಇನ್ನೊಂದು ರೀತಿಯ ಸಂದು. ಎರಡು ವಾಷರ್ ಸೇರಿಸಿ ಸರಿ ಮಾಡಿದೆ. ಬಜರ್ ವೈರು ಯಾರೋ ಬಿಚ್ಚಿದ್ದರು. ಯಾಕೆ ಎಂದು ಕೇಳಿದೆ. "ಆಡಿಟ್‌ನವರು ಬಂದಿದ್ದರು, ಮೂರು ದಿನ ಫೈಲು ಹೊತ್ತದ್ದೇ ಹೊತ್ತದ್ದು. ಅದು ಕೂಗಿ ಕೂಗಿ ತಲೆನೋವು" ಎಂದರು ಅಕ್ಕ. ಮುರಕಲ್ಲು ಬಾಗಿಲ ಬಳಿ ಇರಲಿಲ್ಲ. ಒಂದು ನಿಮಿಷವನ್ನು ಮೂರು ನಿಮಿಷ ಮಾಡಿ, ವೈರು ಮತ್ತೆ ಜೋಡಿಸಿ ಬಂದೆ.